ಸೂರ್ಯಪುತ್ರ ದಾನಶೂರ ಕರ್ಣನ ಚರಿತ್ರೆ



ಬೆಟ್ಟದ ದೇವರ ಪುಸ್ತಕದಲ್ಲಿ ಕರ್ಣನ ಕಥೆ ಯಾಕೆ ಅಂತ ಕೆಲವರು ಕೇಳಬಹುದು. ಅವನು ಕೌರವರ ಕಡೆಯವನು. ಶ್ರೀಕೃಷ್ಣ ಪರಮಾತ್ಮ ಯಾವ ರಥದ ಹಗ್ಗ ಹಿಡಿದಿದ್ದನೋ ಆ ರಥಕ್ಕೆ ಎದುರಾಗಿ ಬಿಲ್ಲು ಹಿಡಿದವನು. ಅವನಿಗೆ ಗುಡಿ ಕಟ್ಟಿ ಪೂಜೆ ಮಾಡುವ ಪದ್ಧತಿ ನಮ್ಮ ಕಡೆ ಇಲ್ಲ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಜಾತ್ರೆ ಮುಗಿದ ಮೇಲೆ ಕುರುಕ್ಷೇತ್ರ ನಾಟಕ ಕಟ್ಟುವ ಊರುಗಳು ಬಹಳ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಎರಡು ಮೂರು ತಿಂಗಳು ರಾತ್ರಿ ಹೊತ್ತು ಮಾತು ಹಾಡು ಕಲಿತು, ಡ್ರೆಸ್ಸು ಸೀನರಿ ಬಾಡಿಗೆಗೆ ತಂದು ಬೆಳಗಿನ ಜಾವದವರೆಗೂ ಆಡುತ್ತಾರೆ. ದುರ್ಯೋಧನನ ಪಾರ್ಟಿಗೆ ಶಿಳ್ಳೆ ಬೀಳುತ್ತೆ, ಭೀಮ ಬಂದರೆ ಮಕ್ಕಳು ಎದ್ದು ಕೂರುತ್ತವೆ. ಕುಂತಿ ಗಂಗಾ ತೀರಕ್ಕೆ ಬಂದು ಕರ್ಣನ ಎದುರು ನಿಲ್ಲುವ ಸೀನು ಬಂತು ಅಂದರೆ ಮಾತ್ರ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ, ಗಂಡಸರು ಬೀಡಿ ಹಚ್ಚುವ ನೆಪದಲ್ಲಿ ಆಚೆ ಮುಖ ತಿರುಗಿಸುತ್ತಾರೆ. ಆ ಕರ್ಣ ಯಾರು, ಅವನಿಗೆ ಏನಾಯಿತು, ಅವನು ಏನು ಮಾಡಿದ ಅನ್ನುವುದನ್ನು ಭಾರತದಲ್ಲಿ ಇರುವ ಪ್ರಕಾರ ಇಲ್ಲಿ ಬರೆದಿದೆ. ನಾಟಕದಲ್ಲಿ ಸೇರಿಸಿದ್ದು, ಬಿಟ್ಟದ್ದು ಎರಡೂ ಉಂಟು.

ಈ ಸೀಮೆಗೂ ಆ ಕಥೆಗೂ ಸಂಬಂಧವೇ ಇಲ್ಲ ಅನ್ನುವ ಹಾಗಿಲ್ಲ. ಅರಕಲಗೂಡಿಗೆ ಮೊದಲಿನ ಹೆಸರು ಅರ್ಕಪುರಿ ಎಂದು ಹೇಳಿಕೆ. ಅರ್ಕ ಅಂದರೆ ಸೂರ್ಯ. ಗೌತಮ ಋಷಿಗಳು ಅಲ್ಲಿ ತಪಸ್ಸು ಮಾಡಿ ಅರ್ಕೇಶ್ವರನನ್ನು ಸ್ಥಾಪಿಸಿದರು ಎಂದು ಸ್ಥಳಪುರಾಣ ಹೇಳುತ್ತದೆ. ಕರ್ಣ ಆ ಸೂರ್ಯನ ಮಗ. ಇನ್ನು ಹಾಸನಕ್ಕೆ ಸಿಂಹಾಸನಪುರಿ ಎಂಬ ಹೆಸರಿತ್ತು, ಅದು ಜನಮೇಜಯ ರಾಜನಿಗೆ ಸೇರಿದ್ದು ಎಂದು ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಜನಮೇಜಯ ಯಾರು ಅಂದರೆ ಅರ್ಜುನನ ಮಗ ಅಭಿಮನ್ಯು, ಅವನ ಮಗ ಪರೀಕ್ಷಿತ, ಅವನ ಮಗ. ಸರ್ಪಯಾಗದಲ್ಲಿ ವೈಶಂಪಾಯನರು ಮಹಾಭಾರತವನ್ನು ಹೇಳಿದ್ದು ಈ ಜನಮೇಜಯನಿಗೇ. ಅಂದರೆ ಕರ್ಣನನ್ನು ಕೊಂದವನ ಮರಿಮಗನೇ ಕೂತು ಕರ್ಣನ ಕಥೆಯನ್ನು ಪೂರ್ತಿ ಕೇಳಿದ.

ಕುಂತಿಗೆ ಹುಟ್ಟಿನ ಹೆಸರು ಪೃಥೆ. ಯಾದವರ ಶೂರಸೇನನ ಮಗಳು. ಮಕ್ಕಳಿಲ್ಲದ ಕುಂತಿಭೋಜ ರಾಜನಿಗೆ ತಂದೆಯೇ ಅವಳನ್ನು ಕೊಟ್ಟುಬಿಟ್ಟಿದ್ದ. ಅವಳೂ ಸಾಕುಮಗಳೇ ಎಂಬುದನ್ನು ನಾವು ಮರೆತುಬಿಡುತ್ತೇವೆ. ಆ ಮನೆಗೆ ದುರ್ವಾಸ ಮುನಿಗಳು ಬಂದಾಗ ಒಂದು ದಿನವೂ ಬೇಸರಿಸದೆ ಸೇವೆ ಮಾಡಿದ್ದಕ್ಕೆ, ಬೇಕಾದ ದೇವತೆಯನ್ನು ಕರೆಯುವ ಮಂತ್ರ ಅವಳಿಗೆ ಉಪದೇಶವಾಯಿತು. ಹುಡುಗುತನ. ಮಂತ್ರ ನಿಜವೋ ಸುಳ್ಳೋ ನೋಡೋಣ ಅಂತ ಸೂರ್ಯನನ್ನು ಕರೆದಳು. ಬಂದ ದೇವರು ಸುಮ್ಮನೆ ಹಿಂದಿರುಗಲಿಲ್ಲ. ಮೈಗೆ ಹತ್ತಿದ ಚಿನ್ನದ ಕವಚ, ಕಿವಿಯಲ್ಲಿ ಹೊಳೆಯುವ ಕುಂಡಲ ಸಮೇತ ಗಂಡುಮಗು ಹುಟ್ಟಿತು. ಮದುವೆಯಾಗದ ಹುಡುಗಿ, ಅರಮನೆ, ಮಾನ. ಒಬ್ಬ ದಾದಿಯ ಹೊರತು ಯಾರಿಗೂ ತಿಳಿಸದೆ, ಪೆಟ್ಟಿಗೆಯಲ್ಲಿ ಮೆತ್ತಗೆ ಹಾಸಿ, ಮೇಣ ಬಳಿದು ಬಿಗಿ ಮಾಡಿ, ಅಶ್ವ ನದಿಯಲ್ಲಿ ಮಗುವನ್ನು ತೇಲಿಬಿಟ್ಟಳು. ಎಲ್ಲ ದೇವತೆಗಳ ಹೆಸರು ಹಿಡಿದು ಕಾಪಾಡಿ ಅಂತ ಅತ್ತಳಂತೆ.

ನಮ್ಮ ಹೇಮಾವತಿ ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಮುಂದೆ ಕಾವೇರಿ ಸೇರುವ ಹಾಗೆ, ಅಶ್ವ ನದಿ ಚರ್ಮಣ್ವತಿಯನ್ನು, ಚರ್ಮಣ್ವತಿ ಯಮುನೆಯನ್ನು, ಯಮುನೆ ಗಂಗೆಯನ್ನು ಸೇರುತ್ತದೆ. ಪೆಟ್ಟಿಗೆ ಅಷ್ಟು ದೂರ ತೇಲಿಹೋಗಿ ಅಂಗದೇಶದ ಚಂಪಾಪುರಿಯ ಹತ್ತಿರ ಅಧಿರಥನಿಗೂ ಅವನ ಹೆಂಡತಿ ರಾಧೆಗೂ ಸಿಕ್ಕಿತು. ಅಧಿರಥ ಸೂತ ಕುಲದವನು, ಧೃತರಾಷ್ಟ್ರನ ಸ್ನೇಹಿತ. ಸೂತರು ಅಂದರೆ ರಥ ಹೊಡೆಯುವವರು, ರಾಜರ ವಂಶದ ಕಥೆ ಹೇಳುವವರು. ನೈಮಿಷಾರಣ್ಯದಲ್ಲಿ ಋಷಿಗಳಿಗೆ ಭಾರತ ಹೇಳಿದವನೂ ಒಬ್ಬ ಸೂತನೇ. ಯಾವ ಕುಲದ ಹೆಸರು ಹಿಡಿದು ಕರ್ಣನನ್ನು ಜೀವನವಿಡೀ ಹಂಗಿಸಿದರೋ, ಅದೇ ಕುಲದವನ ಬಾಯಿಂದ ಕಥೆ ನಮಗೆ ಬಂದಿದೆ. ಮಗುವನ್ನು ಎತ್ತಿಕೊಂಡ ಕೂಡಲೇ ರಾಧೆಯ ಎದೆಯಲ್ಲಿ ಹಾಲು ಬಂತು. ಚಿನ್ನದ ಜೊತೆ ಹುಟ್ಟಿದ್ದರಿಂದ ವಸುಷೇಣ ಅಂತ ಹೆಸರಿಟ್ಟರು. ಜನ ರಾಧೇಯ ಅಂತ ಕರೆದರು. ಕೊನೆವರೆಗೂ ಅವನಿಗೆ ಇಷ್ಟವಾದ ಹೆಸರು ಅದೇ.

ಬೆಳೆದ ಹುಡುಗನನ್ನು ಅಧಿರಥ ಹಸ್ತಿನಾಪುರಕ್ಕೆ ಕಳಿಸಿದ. ದ್ರೋಣರಲ್ಲಿ ಅವನೂ ಬಿಲ್ವಿದ್ಯೆ ಕಲಿತ ಎಂದು ವ್ಯಾಸಭಾರತದಲ್ಲಿದೆ. ನಾಟಕಗಳಲ್ಲಿ ದ್ರೋಣರು ಸೇರಿಸಿಕೊಳ್ಳಲೇ ಇಲ್ಲ ಅನ್ನುತ್ತಾರೆ, ಅದು ಪೂರ್ತಿ ಸರಿಯಲ್ಲ. ಅವರು ಕೊಡದೆ ಇದ್ದದ್ದು ಬ್ರಹ್ಮಾಸ್ತ್ರವನ್ನು. ಅದಕ್ಕೋಸ್ಕರ ಕರ್ಣ ಮಹೇಂದ್ರ ಪರ್ವತಕ್ಕೆ ಹೋಗಿ, ತಾನು ಬ್ರಾಹ್ಮಣ ಅಂತ ಸುಳ್ಳು ಹೇಳಿ ಪರಶುರಾಮರ ಶಿಷ್ಯನಾದ. ಒಂದು ದಿನ ಗುರುಗಳು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಒಂದು ಹುಳ ತೊಡೆಯನ್ನು ಕೊರೆಯಿತು. ನಿದ್ದೆ ಕೆಡಬಾರದು ಅಂತ ಅಲ್ಲಾಡದೆ ಕೂತ. ರಕ್ತ ತಾಗಿ ಗುರುಗಳಿಗೆ ಎಚ್ಚರವಾಯಿತು. ಇಷ್ಟು ನೋವು ತಡೆದವನು ಬ್ರಾಹ್ಮಣನಲ್ಲ ಎಂದು ತಿಳಿದು, ಸುಳ್ಳು ಹೇಳಿ ಕಲಿತ ಅಸ್ತ್ರ ಸಾಯುವ ಹೊತ್ತಿನಲ್ಲಿ ನೆನಪಿಗೆ ಬಾರದಿರಲಿ ಎಂದು ಶಪಿಸಿದರು. ಅದೇ ಕಾಲದಲ್ಲಿ ಬೇಟೆಯಲ್ಲಿ ತಿಳಿಯದೆ ಒಬ್ಬ ಬ್ರಾಹ್ಮಣನ ಹೋಮದ ಹಸುವನ್ನು ಕೊಂದು, ಯುದ್ಧದಲ್ಲಿ ಭೂಮಿ ನಿನ್ನ ಗಾಲಿಯನ್ನು ನುಂಗಲಿ ಎಂಬ ಇನ್ನೊಂದು ಶಾಪವನ್ನೂ ಹೊತ್ತುಕೊಂಡ. ಎಷ್ಟು ಹಸು, ಎಷ್ಟು ಹೊನ್ನು ಕೊಡುತ್ತೇನೆ ಅಂದರೂ ಆ ಬ್ರಾಹ್ಮಣ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ರಾಜಕುಮಾರರ ವಿದ್ಯಾ ಪ್ರದರ್ಶನದ ದಿನ ಹಸ್ತಿನಾಪುರದ ಜನವೆಲ್ಲ ಅರ್ಜುನನನ್ನು ಹೊಗಳುತ್ತಿದ್ದಾಗ ಕರ್ಣ ರಂಗಕ್ಕೆ ನುಗ್ಗಿ ಅರ್ಜುನ ಮಾಡಿದ್ದನ್ನೆಲ್ಲ ತಾನೂ ಮಾಡಿ ತೋರಿಸಿದ. ಎದುರಿಗೆ ನಿಂತು ಹೋರಾಡುತ್ತೇನೆ ಅಂದಾಗ ಕೃಪಾಚಾರ್ಯರು ತಂದೆ ತಾಯಿ ಯಾರು, ಯಾವ ಕುಲ ಅಂತ ವಿಚಾರಿಸಿದರು. ಮಳೆ ಹೊಡೆದ ತಾವರೆಯ ಹಾಗೆ ಅವನ ತಲೆ ಬಗ್ಗಿತು. ದುರ್ಯೋಧನ ನಿಂತ ಕಾಲಲ್ಲೇ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಿಸಿದ. ಅದರಲ್ಲಿ ದುರ್ಯೋಧನನ ಲೆಕ್ಕಾಚಾರವೂ ಇತ್ತು. ಅರ್ಜುನನ ಎದುರಿಗೆ ನಿಲ್ಲಿಸಲು ಅವನಿಗೆ ಒಬ್ಬ ಬೇಕಾಗಿತ್ತು. ಆದರೂ ಅಷ್ಟು ಜನರ ನಡುವೆ ಎದ್ದು ಬಂದವನು ಅವನೊಬ್ಬನೇ ಅನ್ನುವುದೂ ನಿಜ. ಆ ಹೊತ್ತಿಗೆ ಮುದುಕ ಅಧಿರಥ ಕೋಲೂರಿಕೊಂಡು, ಬೆವರು ಸುರಿಸುತ್ತ ಅಲ್ಲಿಗೆ ಬಂದ. ಹೊಸ ರಾಜ ಬಿಲ್ಲನ್ನು ಬಿಟ್ಟು, ಅಭಿಷೇಕದ ನೀರು ಇನ್ನೂ ಆರದ ತಲೆಯನ್ನು ಎಲ್ಲರ ಎದುರಿಗೇ ಅವನ ಕಾಲಿಗೆ ಮುಟ್ಟಿಸಿದ. ಸೂತನ ಮಗನಿಗೆ ಚಾವಟಿಯೇ ಸಾಕು ಎಂದು ಭೀಮ ನಕ್ಕ. ಮೇಲೆ ಹೆಂಗಸರ ಸಾಲಿನಲ್ಲಿ ಕೂತಿದ್ದ ಕುಂತಿ ಮಗನ ಗುರುತು ಹಿಡಿದು ಜ್ಞಾನ ತಪ್ಪಿ ಬಿದ್ದಳು. ವಿದುರ ನೀರು ಚಿಮುಕಿಸಿ ಎಬ್ಬಿಸಿದ. ಎದ್ದ ಮೇಲೂ ಅವಳು ಬಾಯಿ ಬಿಡಲಿಲ್ಲ. ಆ ಒಂದು ಸಂಜೆ ಅವಳು ಬಾಯಿ ಬಿಟ್ಟಿದ್ದರೆ ಅಂತ ಇವತ್ತಿಗೂ ಅರಳಿಕಟ್ಟೆಯ ಮೇಲೆ ಕೂತು ವಾದ ಮಾಡುವವರಿದ್ದಾರೆ.

ಇನ್ನು ಬರೆಯಲೇಬೇಕಾದ ಮಾತು ಒಂದಿದೆ. ಕರ್ಣನ ಮೇಲಿನ ಅಭಿಮಾನದಲ್ಲಿ ಇದನ್ನು ಮುಚ್ಚಿಡುವವರೇ ಹೆಚ್ಚು. ಜೂಜಿನ ಸಭೆಯಲ್ಲಿ ದ್ರೌಪದಿಯನ್ನು ಎಳೆದು ತಂದಾಗ, ಇದು ಅನ್ಯಾಯ ಎಂದು ಎದ್ದು ನಿಂತವನು ದುರ್ಯೋಧನನ ತಮ್ಮ ವಿಕರ್ಣ. ಅವನನ್ನು ಗದರಿಸಿ ಕೂರಿಸಿದವನು ಕರ್ಣ. ಐದು ಜನ ಗಂಡಂದಿರ ಹೆಣ್ಣು ಎಂದು ಬಾಯಿಗೆ ಬಂದ ಹಾಗೆ ಹಳಿದು, ಅವಳ ಬಟ್ಟೆಯನ್ನೂ ಪಾಂಡವರ ಬಟ್ಟೆಯನ್ನೂ ತೆಗೆಸು ಎಂದು ದುಶ್ಶಾಸನನಿಗೆ ಹೇಳಿದವನೂ ಅವನೇ. ಹುಟ್ಟಿನ ಹೆಸರಿನಲ್ಲಿ ಸಭೆಯಲ್ಲಿ ಮಾನ ಕಳೆದುಕೊಂಡವನಿಗೆ ಇನ್ನೊಬ್ಬರ ಮಾನ ಹೋಗುವುದು ಕಾಣಲಿಲ್ಲ. ದುರ್ಯೋಧನನನ್ನು ಮೆಚ್ಚಿಸಲು ಆಡಿದ ಆ ಮಾತುಗಳಿಗಾಗಿ ಈಗ ಬೇಯುತ್ತಿದ್ದೇನೆ ಎಂದು ಮುಂದೆ ಅವನೇ ಕೃಷ್ಣನ ಹತ್ತಿರ ಒಪ್ಪಿಕೊಂಡ. ಆ ಹೊತ್ತಿಗೆ ಹದಿಮೂರು ವರ್ಷ ಕಳೆದಿತ್ತು.

ಅವನ ದಾನದ ವಿಷಯ ಎಲ್ಲರಿಗೂ ಗೊತ್ತು. ಅರ್ಜುನನನ್ನು ಕೊಲ್ಲುವವರೆಗೆ ಯಾರು ಏನು ಬೇಡಿದರೂ ಇಲ್ಲ ಅನ್ನುವುದಿಲ್ಲ ಎಂದು ವ್ರತ ಹಿಡಿದಿದ್ದ. ಮಗ ಅರ್ಜುನನನ್ನು ಉಳಿಸಿಕೊಳ್ಳಲು ಇಂದ್ರ ಬ್ರಾಹ್ಮಣ ವೇಷದಲ್ಲಿ ಕವಚ ಕುಂಡಲ ಬೇಡಲು ಬರುತ್ತಾನೆ, ಕೊಡಬೇಡ ಅಂತ ಸೂರ್ಯ ಕನಸಿನಲ್ಲಿ ಬಂದು ಎಚ್ಚರಿಸಿದ. ದೇವರಾಜನೇ ನನ್ನ ಮುಂದೆ ಕೈಯೊಡ್ಡುವುದಾದರೆ ಇದಕ್ಕಿಂತ ಕೀರ್ತಿ ಯಾವುದು ಅಂತ ಕರ್ಣ ಒಪ್ಪಲಿಲ್ಲ. ತಂದೆಯ ಬಲವಂತಕ್ಕೆ, ಬದಲಿಗೆ ಒಂದು ಶಕ್ತ್ಯಾಯುಧವನ್ನು ಕೇಳಲು ಮಾತ್ರ ಒಪ್ಪಿದ. ಇಂದ್ರ ಬಂದ. ಹುಟ್ಟಿನಿಂದ ಮೈಗೆ ಅಂಟಿದ ಕವಚವನ್ನು ಕರ್ಣ ಮುಖ ಕಿವುಚದೆ ಕತ್ತಿಯಿಂದ ಕೊಯ್ದು ರಕ್ತ ಸೋರುತ್ತಿದ್ದಂತೆಯೇ ಅವನ ಕೈಗೆ ಕೊಟ್ಟ. ಆಮೇಲೆ ವೈಕರ್ತನ ಎಂದು ಹೆಸರಾಯಿತು. ಇಂದ್ರ ಕೊಟ್ಟ ಶಕ್ತಿ ಒಂದು ಸಲಕ್ಕೆ ಮಾತ್ರ.

ಸಂಧಾನ ಮುರಿದ ದಿನ ಕೃಷ್ಣ ಕರ್ಣನನ್ನು ತನ್ನ ರಥದಲ್ಲಿ ಕೂರಿಸಿಕೊಂಡು ಊರಾಚೆಗೆ ಕರೆದುಕೊಂಡು ಹೋದ. ಅಲ್ಲಿ ಹುಟ್ಟಿನ ಗುಟ್ಟು ಹೇಳಿದ. ನೀನು ಕುಂತಿಯ ಹಿರಿಮಗ, ಪಾಂಡವರಿಗೆ ಅಣ್ಣ. ನಮ್ಮ ಕಡೆ ಬಂದರೆ ಪಟ್ಟ ನಿನ್ನದೇ, ಧರ್ಮರಾಯ ಚಾಮರ ಬೀಸುತ್ತಾನೆ, ಭೀಮ ಕೊಡೆ ಹಿಡಿಯುತ್ತಾನೆ, ಅರ್ಜುನ ರಥ ಹೊಡೆಯುತ್ತಾನೆ ಎಂದ. ಜೀವನವೆಲ್ಲ ಕುಲ ಯಾವುದು ಅಂತ ಕೇಳಿಸಿಕೊಂಡವನಿಗೆ ಆ ಪ್ರಶ್ನೆಗೆ ಉತ್ತರವೂ ಸಾಮ್ರಾಜ್ಯವೂ ಒಂದೇ ಗಳಿಗೆಯಲ್ಲಿ ಕೈಗೆ ಬಂದವು.

ಕರ್ಣ ಒಲ್ಲೆ ಅಂದ. ಕುಂತಿ ನನ್ನನ್ನು ನೀರಿಗೆ ಬಿಟ್ಟಳು, ರಾಧೆ ನನ್ನ ಮಲಮೂತ್ರ ಬಳಿದಳು, ಅಧಿರಥ ಜಾತಕರ್ಮ ಮಾಡಿಸಿದ, ಮದುವೆ ಮಾಡಿದ. ಸೂತರ ಮನೆಯ ಹೆಣ್ಣುಗಳಲ್ಲಿ ನನಗೆ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಇಡೀ ಭೂಮಿ ಕೊಟ್ಟರೂ, ಹೆದರಿಸಿದರೂ ಆ ನಂಟನ್ನು ಸುಳ್ಳು ಮಾಡಲಾರೆ. ದುರ್ಯೋಧನ ನನ್ನನ್ನು ನಂಬಿ ಯುದ್ಧಕ್ಕೆ ಇಳಿದಿದ್ದಾನೆ, ಈಗ ಕೈಬಿಡಲಾರೆ ಎಂದು ಹೇಳಿದ. ಕೊನೆಗೆ ಒಂದು ಬೇಡಿಕೆಯಿಟ್ಟ. ಈ ಗುಟ್ಟು ಧರ್ಮರಾಯನಿಗೆ ತಿಳಿಯಬಾರದು. ತಿಳಿದರೆ ಅವನು ರಾಜ್ಯವನ್ನು ನನಗೆ ಕೊಡುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ, ಆಳಬೇಕಾದವನು ಧರ್ಮರಾಯನೇ ಎಂದ. ಗೆಲುವು ಯಾರದು ಅಂತ ಅವನಿಗೆ ಗೊತ್ತಿತ್ತು. ಮುಂದಿನ ಯುದ್ಧವನ್ನು ಒಂದು ಯಜ್ಞಕ್ಕೆ ಹೋಲಿಸಿ, ಅದರಲ್ಲಿ ಆಹುತಿಯಾಗುವವರ ಪಟ್ಟಿಯಲ್ಲಿ ತನ್ನ ಹೆಸರನ್ನೂ ಹೇಳಿದ. ಇಬ್ಬರೂ ತಬ್ಬಿಕೊಂಡರು. ಕರ್ಣ ಕೃಷ್ಣನ ರಥದಿಂದ ಇಳಿದು ತನ್ನ ರಥ ಹತ್ತಿ ಹೊರಟುಹೋದ.

ಅದಾದ ಮೇಲೆ ಕುಂತಿ ಬಂದಳು. ಗಂಗಾತೀರದಲ್ಲಿ ಅವನು ಕೈ ಮೇಲೆತ್ತಿ ಪೂರ್ವಕ್ಕೆ ಮುಖ ಮಾಡಿ ಜಪದಲ್ಲಿದ್ದ. ಬೆನ್ನು ಸುಡುವವರೆಗೂ ಜಪ ಬಿಡುವವನಲ್ಲ. ಬಿಸಿಲು ತಡೆಯಲಾರದೆ ತಾಯಿ ಅವನ ಉತ್ತರೀಯದ ನೆರಳಿನಲ್ಲಿ ಬಾಡಿದ ಹೂಮಾಲೆಯಂತೆ ನಿಂತಿದ್ದಳು. ತಿರುಗಿ ನೋಡಿದವನು ಕೈಮುಗಿದು, ರಾಧೆ ಮತ್ತು ಅಧಿರಥರ ಮಗ ಎಂದು ತನ್ನ ಹೆಸರು ಹೇಳಿಕೊಂಡ. ಅವಳು ಇದ್ದದ್ದನ್ನು ಹೇಳಿದಳು. ಸೂರ್ಯನೂ ಹೌದೆಂದ. ಕರ್ಣನ ಮಾತು ಆಗ ಗಟ್ಟಿಯಾಯಿತು. ಶತ್ರುವೂ ಮಾಡದ ಕೆಡುಕನ್ನು ನೀನು ಮಾಡಿದೆ, ಬೇಕಾದ ಕಾಲದಲ್ಲಿ ಬರಲಿಲ್ಲ, ಈಗ ಬಂದಿರುವುದೂ ನಿನ್ನ ಉಪಯೋಗಕ್ಕೇ ಎಂದು ಹೇಳಿಬಿಟ್ಟ. ಆದರೂ ಬರಿಗೈಯಲ್ಲಿ ಕಳಿಸಲಿಲ್ಲ. ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೈಗೆ ಸಿಕ್ಕರೂ ಕೊಲ್ಲುವುದಿಲ್ಲ, ನಿನಗೆ ಐದು ಮಕ್ಕಳು ಇದ್ದೇ ಇರುತ್ತಾರೆ, ಅರ್ಜುನನೋ ನಾನೋ ಒಬ್ಬ ಕಡಿಮೆಯಾಗುತ್ತೇವೆ ಎಂದು ಮಾತು ಕೊಟ್ಟ. ತೊಟ್ಟ ಬಾಣವನ್ನು ಮತ್ತೆ ತೊಡಬಾರದು ಅಂತ ಕುಂತಿ ವರ ಕೇಳುವುದು ಕನ್ನಡ ನಾಡಿನ ಕಥೆಯಲ್ಲಿ ಬರುತ್ತದೆ. ನಮ್ಮ ನಾಟಕದವರು ಹಿಡಿದಿರುವುದೂ ಅದನ್ನೇ.

ಹದಿನೆಂಟು ದಿನದ ಯುದ್ಧದಲ್ಲಿ ಮೊದಲ ಹತ್ತು ದಿನ ಕರ್ಣ ಹೊರಗೇ ಉಳಿದ. ಭೀಷ್ಮರು ಅವನನ್ನು ಅರ್ಧರಥ ಎಂದು ಕರೆದದ್ದಕ್ಕೆ, ಅವರು ಇರುವವರೆಗೂ ಆಯುಧ ಹಿಡಿಯುವುದಿಲ್ಲ ಅಂದಿದ್ದ. ಅವರು ಶರಮಂಚದಲ್ಲಿ ಮಲಗಿದ ರಾತ್ರಿ ಒಬ್ಬನೇ ಹೋಗಿ ಕಾಲ ಬಳಿ ನಿಂತು ಅತ್ತ. ಮುದುಕ ಒಂದು ಕೈಯಲ್ಲೇ ಮಗನಂತೆ ತಬ್ಬಿಕೊಂಡು, ನಿನ್ನ ಹುಟ್ಟು ನನಗೆ ಮೊದಲೇ ಗೊತ್ತಿತ್ತು ಅಂದರು. ಗೊತ್ತಿದ್ದವರು ಎಷ್ಟು ಜನ ನೋಡಿ!

ಅಭಿಮನ್ಯುವನ್ನು ಸುತ್ತುಗಟ್ಟಿ ಕೊಂದ ಆರು ಮಹಾರಥರಲ್ಲಿ ಕರ್ಣನೂ ಒಬ್ಬ. ಆ ಹುಡುಗನ ಬಿಲ್ಲು ಕತ್ತರಿಸಿದ್ದು ಅವನೇ. ಅರ್ಜುನನಿಗಾಗಿ ಇಟ್ಟುಕೊಂಡಿದ್ದ ಶಕ್ತ್ಯಾಯುಧ ಹದಿನಾಲ್ಕನೆಯ ರಾತ್ರಿ ಘಟೋತ್ಕಚನ ಮೇಲೆ ಖರ್ಚಾಯಿತು. ಕೌರವ ಸೈನ್ಯ ಉಳಿಸು ಅಂತ ಕೂಗಿಕೊಂಡಾಗ ಬೇರೆ ದಾರಿ ಇರಲಿಲ್ಲ. ತಾಯಿಗೆ ಕೊಟ್ಟ ಮಾತನ್ನು ಮಾತ್ರ ಎಲ್ಲೂ ತಪ್ಪಲಿಲ್ಲ. ಸಹದೇವ, ಭೀಮ, ನಕುಲ, ಧರ್ಮರಾಯ ನಾಲ್ವರೂ ಬೇರೆ ಬೇರೆ ಹೊತ್ತಿನಲ್ಲಿ ಸೋತು ಕೈಗೆ ಸಿಕ್ಕರು, ನಾಲ್ವರನ್ನೂ ಹಂಗಿಸಿ ಬಿಟ್ಟುಬಿಟ್ಟ. ಯಾಕೆ ಬಿಟ್ಟ ಅಂತ ಅವರಿಗೆ ತಿಳಿಯಲಿಲ್ಲ.

ದ್ರೋಣರ ನಂತರ ಹದಿನಾರು, ಹದಿನೇಳನೆಯ ದಿನ ಅವನೇ ಸೇನಾಪತಿ. ಸಾರಥಿ ಮದ್ರದೇಶದ ಶಲ್ಯ, ನಕುಲ ಸಹದೇವರ ಸೋದರಮಾವ. ರಥ ಹೊಡೆಯುತ್ತಲೇ ಕರ್ಣನನ್ನು ಹೀಯಾಳಿಸುವುದು ಅವನ ಕೆಲಸವಾಯಿತು. ಮಗ ವೃಷಸೇನ ಕಣ್ಣೆದುರೇ ಅರ್ಜುನನ ಬಾಣಕ್ಕೆ ಬಿದ್ದ. ಸರ್ಪಬಾಣ ಬಿಟ್ಟಾಗ ಕೃಷ್ಣ ರಥವನ್ನು ನೆಲಕ್ಕೆ ಒತ್ತಿದ್ದರಿಂದ ಅರ್ಜುನನ ಕಿರೀಟ ಹೋಗಿ ತಲೆ ಉಳಿಯಿತು. ಆ ಸರ್ಪ ಹಿಂದೆ ಬಂದು ಇನ್ನೊಮ್ಮೆ ಬಿಡು ಅಂದರೆ, ಇನ್ನೊಬ್ಬರ ಬಲದಿಂದ ಗೆಲ್ಲುವವನು ನಾನಲ್ಲ ಎಂದು ಕಳಿಸಿದ. ಆಮೇಲೆ ಎಡಗಾಲಿ ನೆಲದಲ್ಲಿ ಹೂತಿತು. ಅಸ್ತ್ರದ ಮಂತ್ರ ನೆನಪಿಗೆ ಬರಲಿಲ್ಲ. ಕೆಳಗಿಳಿದು ಗಾಲಿ ಎತ್ತುತ್ತ, ಧರ್ಮ ನೋಡಿ ಸ್ವಲ್ಪ ತಡೆ ಎಂದು ಅರ್ಜುನನನ್ನು ಕೇಳಿದ. ಉತ್ತರ ಕೊಟ್ಟವನು ಕೃಷ್ಣ. ದ್ರೌಪದಿಯನ್ನು ಸಭೆಗೆ ಎಳೆದಾಗ, ಒಬ್ಬ ಹುಡುಗನನ್ನು ಅಷ್ಟು ಜನ ಸೇರಿ ಕೊಂದಾಗ ಆ ಧರ್ಮ ಎಲ್ಲಿಗೆ ಹೋಗಿತ್ತು ಎಂದು ಒಂದೊಂದಾಗಿ ಕೇಳಿದ. ಕರ್ಣ ನಾಚಿಕೆಯಿಂದ ತಲೆ ತಗ್ಗಿಸಿದ, ಮಾತಾಡಲಿಲ್ಲ. ಅರ್ಜುನನ ಆಂಜಲಿಕ ಬಾಣ ಇಳಿಹೊತ್ತಿನಲ್ಲಿ ಅವನ ತಲೆಯನ್ನು ಇಳಿಸಿತು. ದೇಹದಿಂದ ಒಂದು ಬೆಳಕು ಎದ್ದು ಸೂರ್ಯನನ್ನು ಸೇರಿದ್ದನ್ನು ಎರಡೂ ಸೈನ್ಯದವರು ನೋಡಿದರು.

ಯುದ್ಧ ಮುಗಿದು ಸತ್ತವರಿಗೆ ಗಂಗೆಯಲ್ಲಿ ತರ್ಪಣ ಬಿಡುವಾಗ ಕುಂತಿ ಬಾಯಿ ತೆರೆದಳು. ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ ಎಂದಳು. ಧರ್ಮರಾಯ ಕುಸಿದುಹೋದ. ಜೂಜಿನ ಸಭೆಯಲ್ಲಿ ಕರ್ಣ ಕೆಟ್ಟ ಮಾತಾಡುತ್ತಿದ್ದಾಗ ತನ್ನ ಕಣ್ಣು ಅವನ ಪಾದದ ಮೇಲೆ ಬಿದ್ದು, ಆ ಪಾದ ತಾಯಿಯ ಪಾದದಂತೆಯೇ ಇರುವುದನ್ನು ಕಂಡು ಕೋಪ ಇಳಿದಿದ್ದು ಅವನಿಗೆ ಆಗ ನೆನಪಾಯಿತು. ಯಾಕೆ ಹಾಗಿದೆ ಅಂತ ಬಹಳ ದಿನ ಯೋಚಿಸಿದ್ದನಂತೆ, ಕಾರಣ ಹೊಳೆದಿರಲಿಲ್ಲ.

ಕನ್ನಡ ಕವಿಗಳು ಕರ್ಣನನ್ನು ಬಿಟ್ಟುಕೊಡಲಿಲ್ಲ. 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದ ಪಂಪನಿಗೆ ಅರ್ಜುನನೇ ನಾಯಕ. ಹಾಗಿದ್ದೂ ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆಯಬೇಕು ಎಂಬ ಅಭಿಪ್ರಾಯವನ್ನು ಅವನು ಹೇಳಿದ್ದಾನೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಆಶ್ರಯ ಪಡೆದಿದ್ದ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಕರ್ಣನ ಹೆಣ ಕಂಡು ಗೋಳಾಡುತ್ತಾನೆ. ಕುಮಾರವ್ಯಾಸನ ಕರ್ಣಪರ್ವವನ್ನು ಗಮಕಿಗಳು ಹಾಡುತ್ತಲೇ ಇದ್ದಾರೆ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಎಸ್. ಎಲ್. ಭೈರಪ್ಪನವರು 1979ರ ಪರ್ವ ಕಾದಂಬರಿಯಲ್ಲಿ ಶಾಪ, ವರ, ಪವಾಡ ಎಲ್ಲ ತೆಗೆದು ಇವರನ್ನೆಲ್ಲ ಬರೀ ಮನುಷ್ಯರನ್ನಾಗಿ ಬರೆದರು. ಪವಾಡ ತೆಗೆದರೂ ಕರ್ಣನ ಸಂಕಟ ಕಡಿಮೆಯಾಗಲಿಲ್ಲ ಎಂದು ಓದಿದವರು ಹೇಳುತ್ತಾರೆ. ಬೆಟ್ಟದಿಂದ ಹಿಂದಿರುಗುವಾಗ ಪುರುಸೊತ್ತಿದ್ದವರು ಹಳೇಬೀಡಿಗೆ ಹೋಗಬಹುದು. ಹಾಸನದಿಂದ ಸುಮಾರು 30 ಕಿ.ಮೀ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಕರ್ಣಾರ್ಜುನರ ಕಾಳಗವನ್ನೂ, ಅಭಿಮನ್ಯು ಹೊಕ್ಕ ಚಕ್ರವ್ಯೂಹವನ್ನೂ ಕಲ್ಲಿನಲ್ಲಿ ಬಿಡಿಸಿದ್ದಾರೆ. ಅವಸರದಲ್ಲಿ ಸುತ್ತಿದರೆ ಕಾಣುವುದಿಲ್ಲ.

ಕರ್ಣನ ಮಕ್ಕಳಲ್ಲಿ ವೃಷಕೇತು ಉಳಿದ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಶ್ವಮೇಧದ ಕುದುರೆ ತರಲು ಭೀಮನ ಜೊತೆ ಹೋಗುವವನು ಇವನೇ. ತಂದೆಗೆ ಸಿಗದೆ ಹೋದ ಚಿಕ್ಕಪ್ಪಂದಿರ ಪ್ರೀತಿ ಮಗನಿಗೆ ಸಿಕ್ಕಿತು.

ಸಾಯುವ ಹೊತ್ತಿನಲ್ಲಿ ಚಿನ್ನದ ಹಲ್ಲು ಕಿತ್ತುಕೊಟ್ಟ ಎಂಬ ಕಥೆ ಜನರ ಬಾಯಲ್ಲಿದೆ, ವ್ಯಾಸಭಾರತದಲ್ಲಿಲ್ಲ. ಪಿತೃಪಕ್ಷದ ಬಗ್ಗೆ ಹೇಳುವ ಕಥೆಯೂ ಅಂಥದ್ದೇ. ಸ್ವರ್ಗಕ್ಕೆ ಹೋದ ಕರ್ಣನಿಗೆ ಹಸಿವಾಯಿತಂತೆ. ತಟ್ಟೆಯಲ್ಲಿ ಬಡಿಸಿದ್ದೆಲ್ಲ ಬರೀ ಬಂಗಾರ. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ, ನೀನು ಜೀವಮಾನವೆಲ್ಲ ಹೊನ್ನು ಕೊಟ್ಟೆ, ಹಿರಿಯರ ಹೆಸರಿನಲ್ಲಿ ಒಂದು ತುತ್ತು ಅನ್ನ ಇಡಲಿಲ್ಲ ಎಂಬ ಉತ್ತರ ಬಂತು. ನನ್ನ ಹಿರಿಯರು ಯಾರು ಅಂತಲೇ ನನಗೆ ಯಾರೂ ಹೇಳಿರಲಿಲ್ಲ ಅಂದ ಕರ್ಣ. ಅದು ನ್ಯಾಯವೇ ಎನಿಸಿ ಅವನನ್ನು ಹದಿನೈದು ದಿನದ ಮಟ್ಟಿಗೆ ಭೂಮಿಗೆ ಕಳಿಸಿದರು. ಭಾದ್ರಪದ ಬಹುಳ ಪಾಡ್ಯದಿಂದ ಮಹಾಲಯ ಅಮಾವಾಸ್ಯೆವರೆಗೆ ಅವನು ಇಲ್ಲಿದ್ದು, ಹಿರಿಯರಿಗೆ ಎಡೆ ಇಟ್ಟು ನೀರು ಬಿಟ್ಟು, ಬಂದವರಿಗೆಲ್ಲ ಊಟ ಹಾಕಿ ಹಿಂದಿರುಗಿದ ಎಂದು ಹೇಳುತ್ತಾರೆ.